ತೊಟ್ಟಿಲಿಗೂ ಮುಂಚಿನ ವೈದ್ಯ

(ತಾಳವಾಡಿ ಬೆಟ್ಟದ ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ನಾವು ಮಾತಾಡಲು ಆರಿಸಿಕೊಂಡ ವಿಷಯ ಕೂಲಿಯದಲ್ಲ, ಬೋನಸ್ಸಿನದಲ್ಲ. ಆಗತಾನೇ ಹುಟ್ಟಿದ ಕೂಸುಗಳಿಗೂ, ಇನ್ನೂ ತಾಯಿಯ ಗರ್ಭದಲ್ಲೇ ಇರುವ ಕೂಸುಗಳಿಗೂ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಹೇಗೆ ತಯಾರಾಗುತ್ತಾರೆ, ಅವರ ಜೀವಮಾನದ ಕೆಲಸ ಎಂಥದು ಎಂಬುದೇ ಇಂದಿನ ವಿಷಯ. ಲೈನ್ ಮನೆಯಲ್ಲಿರುವ ನಮಗೆ ಇದರಿಂದ ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಅಂಥ ವೈದ್ಯರ ಕೈ ಪಳಗಲು ಹನ್ನೆರಡು ಹದಿನೈದು ವರ್ಷ ಹಿಡಿಯುತ್ತದೆ. ಆ ಕೈಗೆ ನಮ್ಮ ಕೂಸನ್ನು ತಲುಪಿಸಲು ನಮಗಿರುವುದು ಕೆಲವೇ ಗಂಟೆಗಳು. ನಾವು ಆ ಗಂಟೆಗಳನ್ನು ಕಳೆದುಕೊಂಡರೆ ಅವರ ವರ್ಷಗಳು ನಮ್ಮ ಪಾಲಿಗೆ ಇಲ್ಲದಂತೆಯೇ.

ನಮ್ಮ ಜನರಲ್ಲಿ ಕೂಸು ಏನಾದರೂ ಊನದೊಂದಿಗೆ ಹುಟ್ಟಿದರೆ ಮೊದಲು ಕೇಳುವ ಪ್ರಶ್ನೆ, ಯಾರ ಪಾಪ ಇದು ಎಂಬುದು. ತುಟಿ ಸೀಳಿದ್ದರೆ ಗ್ರಹಣದ ದಿನ ತಾಯಿ ಹೊರಗೆ ಬಂದಿದ್ದಳು ಎನ್ನುತ್ತಾರೆ. ಬೆನ್ನಿನ ಮೇಲೆ ಗಂಟು ಇದ್ದರೆ ಯಾರದೋ ಕಣ್ಣು ತಾಗಿತು ಎನ್ನುತ್ತಾರೆ. ಸೊಸೆಯ ಮೇಲೆ ಬೆರಳು ತೋರಿಸುತ್ತಾರೆ. ಹುಟ್ಟು ಕುರುಡನನ್ನು ಕಂಡಾಗ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆಯನ್ನು. ಅವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲ ಎಂಬ ಉತ್ತರ ಅವರಿಗೆ ಸಿಕ್ಕಿತು. ವೈದ್ಯಶಾಸ್ತ್ರ ಹೇಳುವುದೂ ಅದನ್ನೇ. ಬಸಿರಾದ ಮೊದಲ ಎರಡು ಮೂರು ತಿಂಗಳಲ್ಲೇ ಕೂಸಿನ ಹೃದಯ, ಕರುಳು, ಬೆನ್ನುಹುರಿ ಎಲ್ಲದರ ಅಡಿಪಾಯ ಬಿದ್ದಿರುತ್ತದೆ. ಬೆನ್ನುಹುರಿಯ ಕೊಳವೆ ನಾಲ್ಕನೆಯ ವಾರದ ಹೊತ್ತಿಗೇ ಮುಚ್ಚಿಕೊಳ್ಳಬೇಕು. ತಾನು ಬಸುರಿ ಎಂದು ಎಷ್ಟೋ ತಾಯಂದಿರಿಗೆ ಆಗ ಗೊತ್ತೇ ಇರುವುದಿಲ್ಲ. ಅಷ್ಟು ಸೂಕ್ಷ್ಮವಾದ ಕಟ್ಟಡದಲ್ಲಿ ಎಲ್ಲೋ ಒಂದು ಕಡೆ ಜೋಡಣೆ ತಪ್ಪುತ್ತದೆ. ತಪ್ಪಿದ ಜೋಡಣೆಯನ್ನು ಸರಿಪಡಿಸಲು ಕಲಿತವರೇ ಈ ವೈದ್ಯರು.

ಮೊದಲು ಕನ್ನಡ ನಾಡಿನ ಒಬ್ಬರ ಮಾತನ್ನೇ ಹೇಳುತ್ತೇವೆ. ದಕ್ಷಿಣ ಕನ್ನಡದ ಕಿನ್ನಿಗೋಳಿ ಎಂಬ ಊರಿನಲ್ಲಿ 1953ರಲ್ಲಿ ಹುಟ್ಟಿದ ದೇವಿ ಶೆಟ್ಟಿ ಒಂಬತ್ತು ಮಕ್ಕಳಲ್ಲಿ ಎಂಟನೆಯವರು. 1967ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಎಂಬ ವೈದ್ಯರು ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬನಿಗೆ ಜೋಡಿಸಿದರು. ಆ ಸುದ್ದಿಯನ್ನು ಮೇಷ್ಟ್ರು ತರಗತಿಯಲ್ಲಿ ಹೇಳಿದಾಗಲೇ ತಾನೂ ಹೃದಯದ ವೈದ್ಯನಾಗಬೇಕೆಂದು ಮನಸ್ಸು ಮಾಡಿದೆ ಎಂದು ಶೆಟ್ಟಿಯವರು ಹೇಳಿಕೊಂಡಿದ್ದಾರೆ. ಮನಸ್ಸು ಮಾಡಿದ್ದು ಒಂದು ದಿನದಲ್ಲಿ. ದಾರಿ ಮಾತ್ರ ಉದ್ದ. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್., ಅಲ್ಲಿಯೇ ಶಸ್ತ್ರಚಿಕಿತ್ಸೆಯ ಮೇಲ್ಪದವಿ, ಅನಂತರ ಇಂಗ್ಲೆಂಡಿನಲ್ಲಿ ಹಲವು ವರ್ಷ ಹಿರಿಯ ವೈದ್ಯರ ಪಕ್ಕದಲ್ಲಿ ನಿಂತು ಕೆಲಸ. 1989ರಲ್ಲಿ ಅವರು ಭಾರತಕ್ಕೆ ಮರಳಿ ಕಲ್ಕತ್ತೆಯ ಬಿರ್ಲಾ ಹೃದಯ ಆಸ್ಪತ್ರೆಯನ್ನು ಸೇರಿದರು. 1992ರಲ್ಲಿ ಒಂಬತ್ತು ದಿನದ ಒಂದು ಕೂಸಿನ ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡಿ ಬದುಕಿಸಿದರು. ಅಷ್ಟು ಎಳೆಯ ಕೂಸಿನ ಹೃದಯಕ್ಕೆ ಕೈ ಹಾಕಿದ್ದು ನಮ್ಮ ದೇಶದಲ್ಲಿ ಅದೇ ಮೊದಲು ಎಂದು ದಾಖಲೆ. ಕಿನ್ನಿಗೋಳಿಯ ಹುಡುಗ ಮನಸ್ಸು ಮಾಡಿದ ದಿನದಿಂದ ಆ ದಿನದವರೆಗೆ ಸುಮಾರು ಇಪ್ಪತ್ತೈದು ವರ್ಷ ಕಳೆದಿತ್ತು.

ಮುಂದೆ ಅವರು ಬೆಂಗಳೂರಿನ ಹತ್ತಿರ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯವನ್ನು ಕಟ್ಟಿದರು. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಆರಂಭವಾದಾಗ ಅದರ ಹಿಂದೆ ನಿಂತವರಲ್ಲಿ ಅವರೂ ಒಬ್ಬರು. ಆಗ ಒಬ್ಬ ರೈತ ಕೊಡಬೇಕಾಗಿದ್ದುದು ತಿಂಗಳಿಗೆ 5 ರೂಪಾಯಿ. ಲಕ್ಷಾಂತರ ಜನರ ಐದೈದು ರೂಪಾಯಿ ಸೇರಿ ಒಬ್ಬನ ಶಸ್ತ್ರಚಿಕಿತ್ಸೆಯ ಖರ್ಚು ಹೊರುತ್ತದೆ ಎಂಬ ಲೆಕ್ಕ ಅದು. ಸಂಘ ಕಟ್ಟಿದ ನಮ್ಮಂಥವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಟ್ಟಿದ ಒಂಬತ್ತನೆಯ ದಿನದ ಮಾತಾಯಿತು. ಹುಟ್ಟುವುದಕ್ಕೂ ಮೊದಲೇ ಕೈ ಹಾಕಲು ಸಾಧ್ಯವೇ? ಈ ಪ್ರಶ್ನೆಯನ್ನು ಜೀವಮಾನವಿಡೀ ಹಿಡಿದುಕೊಂಡು ಹೋದವರು ಅಮೆರಿಕದ ಮೈಕೇಲ್ ಹ್ಯಾರಿಸನ್. 1969ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಪಡೆದು ಬೋಸ್ಟನ್ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವರು ತರಬೇತಿಗೆ ಸೇರಿದರು. ಅಲ್ಲಿ ವಪೆಯಲ್ಲಿ ತೂತು ಇದ್ದ ನವಜಾತ ಶಿಶುವಿನ ಶಸ್ತ್ರಚಿಕಿತ್ಸೆಯನ್ನು ಕಂಡರು. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಪರದೆ. ಅದರಲ್ಲಿ ತೂತು ಉಳಿದರೆ ಕರುಳು ಮೇಲಕ್ಕೇರಿ ಎದೆಯೊಳಗೆ ಕೂರುತ್ತದೆ. ಶ್ವಾಸಕೋಶ ಬೆಳೆಯಲು ಜಾಗ ಇರುವುದಿಲ್ಲ. ಹುಟ್ಟಿದ ಮೇಲೆ ವೈದ್ಯರು ಕರುಳನ್ನು ಕೆಳಗಿಳಿಸಿ ತೂತನ್ನು ಹೊಲಿದುಬಿಡಬಹುದು. ಆದರೆ ಬೆಳೆಯದ ಶ್ವಾಸಕೋಶವನ್ನು ಯಾವ ಹೊಲಿಗೆಯೂ ಬೆಳೆಸಲಾರದು. ಈ ತೂತನ್ನು ಗರ್ಭದಲ್ಲೇ ಮುಚ್ಚಿದ್ದರೆ ಶ್ವಾಸಕೋಶ ಬೆಳೆಯುತ್ತಿತ್ತಲ್ಲವೇ ಎಂಬ ಯೋಚನೆ ಅಂದಿನಿಂದ ಅವರನ್ನು ಬಿಡಲಿಲ್ಲ.

ಯೋಚನೆ ಬಂದ ಮಾತ್ರಕ್ಕೆ ತಾಯಿಯ ಮೇಲೆ ಪ್ರಯೋಗ ಮಾಡಲಾಗದು. ಮೊದಲು ಸಾಮಾನ್ಯ ಶಸ್ತ್ರಚಿಕಿತ್ಸೆಯ ತರಬೇತಿ ಮುಗಿಸಿದರು. ನಾರ್ವೆ ದೇಶದ ಓಸ್ಲೋ ನಗರದಲ್ಲಿಯೂ, ಲಾಸ್ ಏಂಜಲೀಸಿನ ಮಕ್ಕಳ ಆಸ್ಪತ್ರೆಯಲ್ಲಿಯೂ ಮಕ್ಕಳ ಶಸ್ತ್ರಚಿಕಿತ್ಸೆ ಕಲಿತರು. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ಬಂದು ಕುರಿಗಳೊಂದಿಗೆ ಕೆಲಸ ಆರಂಭಿಸಿದರು. ನಮ್ಮ ಬೆಟ್ಟದ ಕುರುಬರಿಗೆ ಗೊತ್ತಿರುವಂತೆ, ಈಯುವ ಹೊತ್ತಿಗೆ ಕುರಿಮರಿಯ ತೂಕ ಹೆಚ್ಚುಕಡಿಮೆ ಮನುಷ್ಯನ ಕೂಸಿನಷ್ಟೇ. ಗಬ್ಬದ ಕುರಿಯ ಗರ್ಭ ತೆರೆದು, ಮರಿಯ ದೋಷ ತಿದ್ದಿ, ಮತ್ತೆ ಮುಚ್ಚಿ, ಮರಿ ತುಂಬು ದಿನಕ್ಕೆ ಬದುಕಿ ಹುಟ್ಟುವಂತೆ ಮಾಡಲು ಅವರೂ ಅವರ ಸಂಗಡಿಗರೂ ವರ್ಷಗಟ್ಟಲೆ ದುಡಿದರು.

1981ರಲ್ಲಿ ಮೊದಲ ಬಾರಿಗೆ ಒಬ್ಬ ತಾಯಿಯ ಗರ್ಭಕೋಶ ತೆರೆದು, ಮೂತ್ರ ಕಟ್ಟಿಕೊಂಡಿದ್ದ ಶಿಶುವಿಗೆ ಶಸ್ತ್ರಚಿಕಿತ್ಸೆ ಮಾಡಿ ಮತ್ತೆ ಗರ್ಭದಲ್ಲೇ ಇಟ್ಟು ಹೊಲಿದರು. ತಾಯಿ ಕ್ಷೇಮವಾಗಿದ್ದಳು. ಕೂಸು ಹುಟ್ಟಿದ ಮೇಲೆ ಉಳಿಯಲಿಲ್ಲ. ದೋಷ ಅಷ್ಟರಲ್ಲೇ ಮೀರಿಹೋಗಿತ್ತು. ವಪೆಯ ತೂತನ್ನು ಗರ್ಭದಲ್ಲಿ ಮುಚ್ಚಿದ ಕೂಸು ಬದುಕಿದ್ದು 1989ರಲ್ಲಿ, ಆ ಯೋಚನೆ ಹೊಳೆದ ಇಪ್ಪತ್ತು ವರ್ಷಗಳ ಮೇಲೆ.

ಅನಂತರ ನಡೆದದ್ದನ್ನು ನಾವು ವಿಶೇಷವಾಗಿ ಗಮನಿಸಬೇಕು. ಗರ್ಭ ತೆರೆದು ಮಾಡಿದ ಚಿಕಿತ್ಸೆಯನ್ನು ಹುಟ್ಟಿದ ಮೇಲೆ ಮಾಡುವ ಒಳ್ಳೆಯ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡಿದಾಗ, ಗರ್ಭ ತೆರೆದುದರಿಂದ ಹೆಚ್ಚು ಕೂಸುಗಳು ಉಳಿಯಲಿಲ್ಲ ಎಂದು 1997ರಲ್ಲಿ ಹ್ಯಾರಿಸನ್ ಅವರ ತಂಡವೇ ಪ್ರಕಟಿಸಿತು. ಇಪ್ಪತ್ತೆಂಟು ವರ್ಷ ಹೊತ್ತ ಆಸೆಯನ್ನು ಲೆಕ್ಕಕ್ಕೆ ಒಪ್ಪಿಸಿ, ಲೆಕ್ಕ ಹೇಳಿದ್ದನ್ನು ಒಪ್ಪಿಕೊಂಡರು. ಶಸ್ತ್ರವೈದ್ಯನ ತರಬೇತಿಯಲ್ಲಿ ಚಾಕು ಹಿಡಿಯುವುದನ್ನು ಕಲಿಯುವಷ್ಟೇ ಕಷ್ಟದ ಪಾಠ ಇದು. ಅವರು ಬೇರೆ ದಾರಿ ಹುಡುಕಿದರು. ಶಿಶುವಿನ ಉಸಿರುಕೊಳವೆಯನ್ನು ಕೆಲವು ವಾರ ಮುಚ್ಚಿಟ್ಟರೆ ಒಳಗಿನ ದ್ರವವೇ ಶ್ವಾಸಕೋಶವನ್ನು ಹಿಗ್ಗಿಸುತ್ತದೆ ಎಂಬುದು ಆ ದಾರಿ. ಗರ್ಭವನ್ನು ತೆರೆಯದೆ ಒಂದು ಸಣ್ಣ ಕೊಳವೆಯ ಮೂಲಕ ಪುಟ್ಟ ಬಲೂನು ಇಡುವ ಈ ವಿಧಾನವನ್ನು ಯೂರೋಪಿನ ವೈದ್ಯರು ಮುಂದುವರಿಸಿದರು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಹಳ ತೀವ್ರ ದೋಷವಿದ್ದ ಕೂಸುಗಳಲ್ಲಿ ಈ ಚಿಕಿತ್ಸೆ ಪಡೆದವು ನೂರಕ್ಕೆ 40, ಪಡೆಯದವು ನೂರಕ್ಕೆ 15 ಬದುಕಿ ಮನೆಗೆ ಹೋದವು. ಪ್ರಶ್ನೆ ಒಬ್ಬನದು, ಉತ್ತರಕ್ಕೆ ಐವತ್ತು ವರ್ಷ, ಹಲವು ದೇಶಗಳ ಕೈಗಳು ಬೇಕಾದವು.

ಬೆನ್ನುಹುರಿ ತೆರೆದುಕೊಂಡು ಹುಟ್ಟುವ ಮಕ್ಕಳ ವಿಷಯದಲ್ಲಿಯೂ ಹೀಗೆಯೇ. ಅಮೆರಿಕದ ಮೂರು ಆಸ್ಪತ್ರೆಗಳು 183 ತಾಯಂದಿರನ್ನು ಸೇರಿಸಿಕೊಂಡು ಪರೀಕ್ಷೆ ನಡೆಸಿ 2011ರಲ್ಲಿ ಫಲ ಪ್ರಕಟಿಸಿದವು. ಹುಟ್ಟಿದ ಮೇಲೆ ಹೊಲಿದ ಮಕ್ಕಳಲ್ಲಿ ನೂರಕ್ಕೆ 82ಕ್ಕೆ ತಲೆಯಿಂದ ನೀರಿಳಿಸುವ ಕೊಳವೆ ಬೇಕಾಯಿತು. ಗರ್ಭದಲ್ಲೇ ಹೊಲಿದವರಲ್ಲಿ ನೂರಕ್ಕೆ 40ಕ್ಕೆ. ಆದರೆ ಆ ತಾಯಂದಿರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚಾಯಿತು. ಗರ್ಭದ ಗಾಯದಿಂದಾಗಿ ಮುಂದಿನ ಹೆರಿಗೆಗಳೂ ಸಿಸೇರಿಯನ್ ಆಗಬೇಕಾಯಿತು. ಇಲ್ಲಿ ಮೇಜಿನ ಮೇಲಿರುವುದು ಎರಡು ಜೀವ. ಅವುಗಳಲ್ಲಿ ಒಂದಕ್ಕೆ ರೋಗವೇ ಇಲ್ಲ. ಆದುದರಿಂದ ಇಂಥ ಶಸ್ತ್ರಚಿಕಿತ್ಸೆ ಎಲ್ಲರಿಗೂ ಅಲ್ಲ.

ನಮ್ಮ ದೇಶದಲ್ಲಿ ಮಕ್ಕಳ ಶಸ್ತ್ರವೈದ್ಯರು 1965ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಅವರ ಓದಿನ ಲೆಕ್ಕ ಹೀಗಿದೆ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಆಸ್ಪತ್ರೆಯಲ್ಲಿ ಒಂದು ವರ್ಷ ಸೇವೆ, ಸಾಮಾನ್ಯ ಶಸ್ತ್ರಚಿಕಿತ್ಸೆಯ ಎಂ.ಎಸ್. ಮೂರು ವರ್ಷ; ಮಕ್ಕಳ ಶಸ್ತ್ರಚಿಕಿತ್ಸೆಯ ಎಂ.ಸಿಎಚ್. ಇನ್ನೂ ಮೂರು ವರ್ಷ. ಒಟ್ಟು ಹನ್ನೊಂದೂವರೆ. ಗರ್ಭಸ್ಥ ಶಿಶುವಿನ ಚಿಕಿತ್ಸೆ ಕಲಿಯಬೇಕಾದರೆ ಅದರ ಮೇಲೆ ಮತ್ತೆ ಒಂದೆರಡು ವರ್ಷ. ಎರಡೂವರೆ ಕಿಲೋ ತೂಗುವ ಕೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟ ಕಾಫಿಯಷ್ಟು. ಎರಡು ದೊಡ್ಡ ಚಮಚ ಹೋದರೂ ಕೂಸಿಗೆ ಅಪಾಯ. ಪಕ್ಕದಲ್ಲಿ ಅರಿವಳಿಕೆ ವೈದ್ಯರು, ಶಿಶುವೈದ್ಯರು, ಹಗಲು ರಾತ್ರಿ ಕಾಯುವ ದಾದಿಯರು ಇಲ್ಲದಿದ್ದರೆ ಶಸ್ತ್ರವೈದ್ಯರೊಬ್ಬರ ಕೈಯಿಂದ ಏನೂ ಆಗದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಚೆನ್ನೈ ಎಗ್ಮೋರಿನ ಮಕ್ಕಳ ಆಸ್ಪತ್ರೆ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೇಂಟ್ ಜಾನ್ಸ್ ಆಸ್ಪತ್ರೆ ಇಂಥ ಕೆಲಸ ನಡೆಯುವ ಸ್ಥಳಗಳು. ನಮಗೆ ಇನ್ನೂ ಹತ್ತಿರವೆಂದರೆ ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ.

ಈಗ ನಮ್ಮ ಪಾಲಿನ ಕೆಲಸಕ್ಕೆ ಬರೋಣ. ಇದನ್ನು ಹೆಂಗಸರು ಮಾತ್ರವಲ್ಲ, ಗಂಡಸರೂ ಮನಸ್ಸಿನಲ್ಲಿ ಬರೆದುಕೊಳ್ಳಬೇಕು.

ಮೊದಲನೆಯದು, ಫೋಲಿಕ್ ಆಮ್ಲದ ಮಾತ್ರೆ. ಬೆನ್ನುಹುರಿಯ ದೋಷವಿದ್ದ ಕೂಸನ್ನು ಹಿಂದೆ ಹೆತ್ತಿದ್ದ ತಾಯಂದಿರು ಬಸಿರಿಗೆ ಮೊದಲೇ ಈ ಮಾತ್ರೆ ತೆಗೆದುಕೊಂಡಾಗ ನೂರರಲ್ಲಿ 72 ಪಾಲು ದೋಷ ತಪ್ಪಿತು ಎಂದು 1991ರಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದು ತೋರಿಸಿತು. ಜಗತ್ತಿನ ಅತಿ ದೊಡ್ಡ ಶಸ್ತ್ರವೈದ್ಯನೂ ಇಷ್ಟು ಮಕ್ಕಳನ್ನು ಉಳಿಸಲಾರನು. ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಹಿಂದಿನ ಕೂಸಿಗೆ ದೋಷವಿದ್ದವರಿಗೆ ವೈದ್ಯರು ಹೆಚ್ಚು ಕೊಡುತ್ತಾರೆ. ಮುಟ್ಟು ನಿಂತ ಮೇಲೆ ಕೇಳುವುದು ತಡವಾಯಿತು. ಮದುವೆಯಾದ ಹೆಣ್ಣುಮಕ್ಕಳು ಮೊದಲೇ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಲಿ.

ಎರಡನೆಯದು, ತಾಯಿಯ ರಕ್ತದ ಗುಂಪು. ನೆಗೆಟಿವ್ ಗುಂಪಿನ ತಾಯಿಗೆ ಪಾಸಿಟಿವ್ ಕೂಸು ಆದರೆ, ಮುಂದಿನ ಬಸಿರಿನಲ್ಲಿ ತಾಯಿಯ ರಕ್ತವೇ ಕೂಸಿನ ರಕ್ತವನ್ನು ಕೆಡಿಸಬಹುದು. 1963ರಲ್ಲಿ ನ್ಯೂಜಿಲೆಂಡಿನ ವಿಲಿಯಂ ಲೈಲಿ ಎಂಬ ವೈದ್ಯರು ಅಂಥ ಕೂಸಿಗೆ ಗರ್ಭದಲ್ಲೇ ರಕ್ತ ಕೊಟ್ಟರು. ಗರ್ಭಸ್ಥ ಶಿಶುವಿನ ಚಿಕಿತ್ಸೆ ಆರಂಭವಾದದ್ದೇ ಅಲ್ಲಿಂದ. ಈಗ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಕೊಡುವ ಒಂದು ಚುಚ್ಚುಮದ್ದಿನಿಂದ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಬಸಿರು ಇಳಿದುಹೋದರೂ ಈ ಚುಚ್ಚುಮದ್ದು ಬೇಕೇ ಎಂದು ಕೇಳಬೇಕು.

ಮೂರನೆಯದು, ಐದನೆಯ ತಿಂಗಳ ಸ್ಕ್ಯಾನ್. 18ರಿಂದ 20 ವಾರದೊಳಗೆ ಮಾಡಿಸಿದರೆ ಬೆನ್ನು, ಹೊಟ್ಟೆ, ವಪೆ, ಹೃದಯದ ಎಷ್ಟೋ ದೋಷಗಳು ಆಗಲೇ ಕಾಣುತ್ತವೆ. ಗಂಡೋ ಹೆಣ್ಣೋ ಎಂದು ಕೇಳುವುದು ತಪ್ಪು, ಹೇಳುವುದು ಅಪರಾಧ, ಸ್ಕ್ಯಾನ್ ಅದಕ್ಕಲ್ಲ. ದೋಷ ಮೊದಲೇ ಗೊತ್ತಾದರೆ ಹೆರಿಗೆಯನ್ನೇ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಬಹುದು. ಹುಟ್ಟಿದ ಕೂಸನ್ನು ಬೆಟ್ಟದ ದಾರಿಯಲ್ಲಿ ಒಯ್ಯುವುದಕ್ಕಿಂತ ತಾಯಿಯ ಗರ್ಭದಲ್ಲೇ ಒಯ್ಯುವುದು ಎಷ್ಟೋ ಕ್ಷೇಮ. ಒಂದು ದಿನದ ಕೂಲಿ ಹೋಗುತ್ತದೆ ಎಂದು ಸ್ಕ್ಯಾನ್ ಬಿಡುವವರು ನಮ್ಮಲ್ಲಿ ಅನೇಕರಿದ್ದಾರೆ. ಆ ಒಂದು ದಿನದ ಕೂಲಿಯನ್ನು ಲೈನಿನವರು ಹಂಚಿಕೊಂಡು ತುಂಬಿಕೊಡಬಾರದೇ?

ನಾಲ್ಕನೆಯದು, ಹುಟ್ಟಿದ ಕೂಸಿನಲ್ಲಿ ನೋಡಬೇಕಾದ ಗುರುತುಗಳು. ಹಸಿರು ಬಣ್ಣದ ವಾಂತಿಯಾದರೆ ಕರುಳು ಕಟ್ಟಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯಬಾರದು. ಬಾಯಲ್ಲಿ ನೊರೆ ತುಂಬಿ, ಹಾಲು ಕೊಟ್ಟೊಡನೆ ಕೆಮ್ಮಿ ನೀಲಿಗಟ್ಟಿದರೆ ಅನ್ನನಾಳ ಕೂಡಿಲ್ಲದಿರಬಹುದು. ಅಂಥ ಕೂಸಿಗೆ ಹಾಲು, ನೀರು, ಜೇನು ಯಾವುದನ್ನೂ ಕೊಡಬೇಡಿ. 1941ರವರೆಗೆ ಅಂಥ ಕೂಸಿನ ಅನ್ನನಾಳವನ್ನು ಒಂದೇ ಸಲಕ್ಕೆ ಕೂಡಿಸಿ ಬದುಕಿಸಿದವರು ಯಾರೂ ಇರಲಿಲ್ಲ. ಆ ವರ್ಷ ಅಮೆರಿಕದ ಕ್ಯಾಮರನ್ ಹೈಟ್ ಅದನ್ನು ಸಾಧಿಸಿದರು. ಇಂದು ಬೇಗ ತಲುಪಿದ ಕೂಸುಗಳಲ್ಲಿ ಹೆಚ್ಚಿನವು ಬದುಕುತ್ತವೆ. ಮಲದ್ವಾರ ಇದೆಯೇ ಎಂದು ಹುಟ್ಟಿದೊಡನೆ ನೋಡಿ. ಒಂದು ದಿನ ಕಳೆದರೂ ಮಲ ಹೋಗದಿದ್ದರೆ, ಹೊಟ್ಟೆ ಉಬ್ಬಿದರೆ, ಉಸಿರಾಟ ಕಷ್ಟವಾದರೆ, ಬೆನ್ನಿನ ಮೇಲೆ ಗಂಟಿದ್ದರೆ ತಕ್ಷಣ ತೋರಿಸಿ. ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ. ಸೊಪ್ಪು, ಅರಿಶಿನ ಹಚ್ಚಬೇಡಿ. ಶುಭ್ರವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಸಡಿಲವಾಗಿ ಸುತ್ತಿ. ದಾರಿಯುದ್ದಕ್ಕೂ ಕೂಸನ್ನು ಎದೆಗೆ ಒತ್ತಿಕೊಂಡು ಬೆಚ್ಚಗಿಡಿ. ಚಳಿ ಹಿಡಿದು ತಲುಪಿದ ಕೂಸಿಗೆ ಎಂಥ ವೈದ್ಯರೂ ಕೂಡಲೇ ಕೈ ಹಾಕಲಾರರು.

ಐದನೆಯದು, ದಾರಿ. ದಿಂಬಂ ಘಾಟಿಯ 27 ತಿರುವುಗಳು ನಮಗೆಲ್ಲ ಗೊತ್ತು. 2022ರಲ್ಲಿ ಅಲ್ಲಿ ರಾತ್ರಿಯ ವಾಹನ ಸಂಚಾರಕ್ಕೆ ಕಟ್ಟುಪಾಡು ಬಂದಾಗಲೂ ಆಂಬುಲೆನ್ಸುಗಳಿಗೆ ತಡೆ ಹಾಕಲಿಲ್ಲ. ಆದುದರಿಂದ ರಾತ್ರಿಯಾಯಿತೆಂದು ಕೂರದೆ 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಹಲವರಿಗೆ ಚಾಮರಾಜನಗರವೇ ಹತ್ತಿರ. ಜೀವ ಉಳಿಸುವ ಮೊದಲ ಆರೈಕೆಗೆ ಗಡಿ ನೋಡಬೇಡಿ, ಹತ್ತಿರದಲ್ಲಿ ಸಿಕ್ಕ ಆಸ್ಪತ್ರೆಗೆ ಹೋಗಿ. ಮುಂದಿನ ಶಸ್ತ್ರಚಿಕಿತ್ಸೆಗೆ ಮಾತ್ರ ತಮಿಳುನಾಡಿನ ಮುಖ್ಯಮಂತ್ರಿ ವಿಮಾ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಬಸಿರಿನ ದಿನಗಳಲ್ಲೇ ವಿಚಾರಿಸಿ, ಕಾರ್ಡನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಇನ್ನೊಂದು ಮಾತು ನಮ್ಮ ಓದುವ ಮಕ್ಕಳಿಗಾಗಿ. 2020ರಲ್ಲಿ ತಮಿಳುನಾಡು ಸರ್ಕಾರ ಒಂದು ಕಾನೂನು ಮಾಡಿತು. ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲೇ ಓದಿ ನೀಟ್ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ವೈದ್ಯಕೀಯ ಸೀಟುಗಳಲ್ಲಿ ನೂರಕ್ಕೆ 7.5 ಪಾಲು ಮೀಸಲು. ಹೀಗೆ ಸೇರಿದವರ ಕಾಲೇಜು ಶುಲ್ಕವನ್ನೂ ಸರ್ಕಾರವೇ ಹೊರುತ್ತದೆ ಎಂದು ಪ್ರಕಟಿಸಿದರು. ನಮ್ಮ ಬೆಟ್ಟದ ಮಕ್ಕಳಿಗೆ ಒಂದು ತೊಡಕೂ ಇದೆ. ನೀಟ್ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆಯನ್ನು ಕರ್ನಾಟಕದ ಕೇಂದ್ರಗಳಿಗೆಂದೇ ಇಟ್ಟಿದ್ದಾರೆ. ಆದುದರಿಂದ ಕನ್ನಡದಲ್ಲಿ ಓದುವ ನಮ್ಮ ಮಕ್ಕಳು ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪದಗಳನ್ನು ಇಂಗ್ಲಿಷಿನಲ್ಲಿಯೂ ಕಲಿಯಬೇಕು. ಮೇಷ್ಟ್ರುಗಳನ್ನು ನಾವೇ ಹೋಗಿ ಕೇಳಿಕೊಳ್ಳೋಣ. ಹನ್ನೊಂದೂವರೆ ವರ್ಷ ಎಂದು ಹೆದರುವುದು ಬೇಡ. ಹೆಣ್ಣುಮಗಳೊಬ್ಬಳು ಹದಿನೆಂಟಕ್ಕೆ ಹೊರಟರೆ ಮೂವತ್ತಕ್ಕೆ ಕೂಸುಗಳನ್ನು ಉಳಿಸುವ ಮೇಜಿನ ಮುಂದೆ ನಿಲ್ಲಬಲ್ಲಳು. ಅವಳಿಗೆ ಹದಿನಾರಕ್ಕೇ ಗಂಡು ಹುಡುಕುವುದನ್ನು ನಾವು ಬಿಡಬೇಕು.

ಕೊನೆಗೆ ನಮ್ಮ ಬೇಡಿಕೆ ಒಂದೇ. ಪ್ರತಿ ಲೈನಿನಲ್ಲೂ ಇಬ್ಬರು ಹೆಂಗಸರನ್ನು ಆರಿಸಿ. ಬಸಿರಿಯರ ಹೆಸರು, ರಕ್ತದ ಗುಂಪು, ಸ್ಕ್ಯಾನಿನ ದಿನ ಅವರ ಪುಸ್ತಕದಲ್ಲಿರಲಿ. ಕೂಸು ಹುಟ್ಟಿದ ದಿನ ಅವರು ಬಂದು ನೋಡಲಿ. ಆಸ್ಪತ್ರೆಗೆ ಹೊರಡಬೇಕಾದರೆ ಒಬ್ಬರು ತಾಯಿಯ ಜೊತೆಗೆ ಹೋಗಲಿ, ಇನ್ನೊಬ್ಬರು ಮನೆಯಲ್ಲಿ ಉಳಿದ ಮಕ್ಕಳಿಗೆ ಗಂಜಿ ಕಾಯಿಸಲಿ. ಆ ಇಬ್ಬರ ಹೆಸರನ್ನು ಇಂದು ಮನೆಗೆ ಹೋಗುವ ಮೊದಲೇ ಕೂಟದ ಕಾರ್ಯದರ್ಶಿಗೆ ಕೊಟ್ಟು ಹೋಗಿರೆಂದು ಕೇಳಿಕೊಳ್ಳುತ್ತೇವೆ.